ಯಾವ ಪಿಕ್ಚರ್ ಹಾಡಿದು?

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಊರು ದಾವಣಗೆರೆ. ಎಂಜಿನಿಯರಿಂಗ್ ಓದುವಾಗ ನಾವು ನಾಲ್ವರು ಗೆಳೆಯರು ಸೇರಿ ಬ್ಯಾಂಡ್ ಕಟ್ಟಿದೆವು. ನಾನು ಹಾಡುತ್ತೇನೆ, ಗಿಟಾರ್ ನುಡಿಸುತ್ತೇನೆ, ಸಾಹಿತ್ಯವೂ ನನ್ನದೇ. ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್ಸ್ ಉಳಿದ ಮೂವರದು. ಕಾಲೇಜಿನಲ್ಲಿ ಒಳ್ಳೆ ಹೆಸರಿತ್ತು. ಈಗ ಕಾಲೇಜು ಮುಗಿದು ಎರಡು ವರ್ಷ. ನಮ್ಮನ್ನು ಕರೆಯುವುದು ಗಣೇಶನ ಹಬ್ಬದ ರಸಮಂಜರಿಗೆ, ಮದುವೆ ರಿಸೆಪ್ಷನ್‌ಗೆ ಅಷ್ಟೇ. ಅಲ್ಲಿ ಸಿನಿಮಾ ಹಾಡೇ ಆಗಬೇಕು. ಹೋದ ವರ್ಷ ಒಂದು ಪೆಂಡಾಲಿನಲ್ಲಿ ಧೈರ್ಯ ಮಾಡಿ ನಮ್ಮ ಸ್ವಂತ ಹಾಡಿನಿಂದಲೇ ಕಾರ್ಯಕ್ರಮ ಶುರು ಮಾಡಿದೆವು. ಪಲ್ಲವಿ ಮುಗಿಯುವಷ್ಟರಲ್ಲಿ ಸಮಿತಿಯವರೊಬ್ಬರು ಸ್ಟೇಜಿನ ಪಕ್ಕ ಬಂದು, ‘ಯಾವ ಪಿಕ್ಚರ್ ಹಾಡಿದು? ಬಿಡ್ರಿ, ಅಪ್ಪು ಹಾಡು ಹೊಡೀರಿ’ ಅಂದರು. ಅವತ್ತಿನಿಂದ ಸ್ವಂತ ಹಾಡು ಸ್ಟೇಜಿನ ಮೇಲೆ ಹಾಡಿಲ್ಲ.

ಮೂರು ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ದೇವೆ. ಒಂದಕ್ಕೆ ಒಂಬೈನೂರು ವ್ಯೂಸ್, ಇನ್ನೊಂದಕ್ಕೆ ಆರುನೂರು, ಮೂರನೆಯದಕ್ಕೆ ನೂರೈವತ್ತೂ ಇಲ್ಲ. ಈಗ ಬೆಂಗಳೂರಿನ ಒಂದು ಕಂಪನಿ ತಾನಾಗಿಯೇ ಫೋನ್ ಮಾಡಿದೆ. 85 ಸಾವಿರ ಕೊಟ್ಟರೆ ವಿಡಿಯೋ ಮಾಡಿ, ಎಲ್ಲ ಆ್ಯಪ್‌ಗಳಿಗೂ ಹಾಕಿ, ಒಂದು ಲಕ್ಷ ವ್ಯೂಸ್ ಗ್ಯಾರಂಟಿ ಅನ್ನುತ್ತಾರೆ. ಅಗ್ರಿಮೆಂಟ್ ಕಳಿಸಿದ್ದಾರೆ, ಪ್ರತಿ ಇಟ್ಟಿದ್ದೇನೆ. ಈ ನಡುವೆ ಡ್ರಮ್ಸ್ ಗೆಳೆಯನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಶರೀಫರ ಪದ, ಬೇಂದ್ರೆ, ಕುವೆಂಪು ಹಾಡುಗಳನ್ನು ರಾಕ್ ಶೈಲಿಯಲ್ಲಿ ಮಾಡಿದರೆ ಬೇಗ ಜನ ಕೇಳುತ್ತಾರೆ ಅನ್ನುವುದು ಕೀಬೋರ್ಡ್ ಗೆಳೆಯನ ವಾದ. ಅಪ್ಪಾಜಿಯದು ಒಂದೇ ಮಾತು: ‘ಆರ್ಕೆಸ್ಟ್ರಾದಾಗ ಹಾಡ್ಕೊಂಡು ಎಷ್ಟು ದಿನ ಇರ್ತಿ?’ ಬ್ಯಾಂಡಿಗೆ ಇಂಗ್ಲಿಷ್ ಹೆಸರಿದೆ, ಬದಲಾಯಿಸಬೇಕೇ ಅನ್ನುವ ಜಗಳವೂ ನಡೆದಿದೆ. ನಮ್ಮ ಹಾಡನ್ನು ನಾಲ್ಕು ಜನ ಕೇಳುವ ಹಾಗೆ ಮಾಡುವುದು ಹೇಗೆ?

— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಉದ್ದವಿತ್ತು, ಜಾಗಕ್ಕಾಗಿ ಕತ್ತರಿಸಿದ್ದೇನೆ. ಅದರ ತುಂಬ ವ್ಯೂಸ್ ಇದೆ, ಕಂಪನಿ ಇದೆ, ಅಪ್ಪಾಜಿ ಇದ್ದಾರೆ. ಹಾಡುಗಳು ಯಾವುದರ ಬಗ್ಗೆ ಎಂದು ಮಾತ್ರ ಒಂದು ಸಾಲೂ ಇಲ್ಲ. ಹಾಗಾಗಿ ಉತ್ತರಕ್ಕೆ ಕೂರುವ ಮೊದಲು ಮೂರೂ ಹಾಡು ಕೇಳಿದೆ. ಮೊದಲೆರಡರಲ್ಲಿ ಮಳೆ, ಕಾಯುವ ಹುಡುಗ, ಬಿಟ್ಟುಹೋದ ಹುಡುಗಿ. ನುಡಿಸಾಣಿಕೆ ಅಚ್ಚುಕಟ್ಟು. ಆದರೆ ಅಂಥ ಹಾಡನ್ನು ಸಿನಿಮಾದವರು ನಿಮಗಿಂತ ನೂರು ಪಟ್ಟು ಖರ್ಚು ಮಾಡಿ ವರ್ಷವಿಡೀ ಕೊಡುತ್ತಿರುತ್ತಾರೆ. ಅವರ ಅಂಗಳದಲ್ಲಿ ನೀವು ಗೆಲ್ಲುವುದು ಕಷ್ಟ.

ಮೂರನೆಯದು ಬೇರೆಯೇ. ಹತ್ತಿ ಗಿರಣಿಯಲ್ಲಿ ದುಡಿದ ಅಜ್ಜ, ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದ ಮೇಲೂ ಮೊದಲ ಪಾಳಿಯ ಸೈರನ್ ಹೊತ್ತಿಗೆ ಎದ್ದು ಕೂತು, ಬುತ್ತಿ ಕಟ್ಟು ಎಂದು ಅಜ್ಜಿಯನ್ನು ಕೂಗುವುದು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಿಮ್ಮದು. ಆ ಗಿರಣಿಗಳ ಮೇಲೆ ಒಂದು ಹಾಡು ಇದೆ ಎಂದು ಊರಿಗೇ ಗೊತ್ತಿಲ್ಲ. ಅತಿ ಕಡಿಮೆ ಜನ ನೋಡಿರುವುದೂ ಅದನ್ನೇ, ನೀವು ಪತ್ರದಲ್ಲಿ ನಾಚಿಕೆಯಿಂದಲೋ ಏನೋ ಹೆಸರೂ ಎತ್ತದಿರುವುದೂ ಅದನ್ನೇ. ನನ್ನ ಮಟ್ಟಿಗೆ ನಿಮ್ಮ ಬ್ಯಾಂಡಿಗೆ ಈಗ ಇರುವುದು ಒಂದೇ ಹಾಡು, ಅದು ಇದು. ಮುಂದೆ ನಾನು ಹೇಳುವುದೆಲ್ಲ ಈ ಹಾಡನ್ನು ಇಟ್ಟುಕೊಂಡೇ.

ಹಾಡು ಒಳ್ಳೆಯದು, ರೆಕಾರ್ಡಿಂಗ್ ಅಲ್ಲ. ಶುರುವಿನಲ್ಲಿ ಮುಕ್ಕಾಲು ನಿಮಿಷ ಬರೀ ಗಿಟಾರ್. ಯೂಟ್ಯೂಬ್ ಸ್ಟುಡಿಯೋ ತೆರೆದು ಆ ವಿಡಿಯೋದ ಗ್ರಾಫ್ ನೋಡಿ, ಜನ ಯಾವ ಸೆಕೆಂಡಿಗೆ ಎದ್ದುಹೋಗುತ್ತಾರೋ ಅಲ್ಲೇ ಗೆರೆ ಇಳಿದಿರುತ್ತದೆ. ನಿಮ್ಮ ದನಿ ಬರುವ ಮೊದಲೇ ಇಳಿದಿರುತ್ತದೆ ಎಂಬುದು ನನ್ನ ಊಹೆ. ದನಿ ಬಂದ ಮೇಲಾದರೂ ಕೇಳುತ್ತದೆಯೇ? ಇಲ್ಲ, ಕೀಬೋರ್ಡಿನ ಸ್ಟ್ರಿಂಗ್ಸ್ ಅದನ್ನು ಮುಚ್ಚಿಬಿಟ್ಟಿದೆ. ‘ಬುತ್ತಿ’ ಎಂಬ ಮಾತು ನನಗೆ ತಿಳಿದದ್ದು ಮೂರನೇ ಸಲ ಕೇಳಿದಾಗ. ಮಾತಿನ ಮೇಲೆ ನಿಂತ ಹಾಡಿನಲ್ಲಿ ಮಾತು ಕೇಳಿಸದಿದ್ದರೆ ಉಳಿದದ್ದೇನು? ಮತ್ತೆ ರೆಕಾರ್ಡ್ ಮಾಡಿ. ಬೆಂಗಳೂರಿನ ಸ್ಟುಡಿಯೋ ಬೇಡ. ಎರಡು ಚಾನೆಲ್ಲಿನ ಒಂದು ಆಡಿಯೋ ಇಂಟರ್‌ಫೇಸ್, ಒಂದು ಒಳ್ಳೆ ಮೈಕು, ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಮಲಗುವ ಕೋಣೆ ಸಾಕು. ಹಾಸಿಗೆ, ಕಂಬಳಿ ಕೋಣೆಯೊಳಗಿನ ಗುಂಯ್‌ಗುಡುವಿಕೆಯನ್ನು ಹೀರುತ್ತವೆ, ಸದ್ದು ಪಕ್ಕದ ಮನೆಗೆ ಹೋಗುವುದನ್ನು ತಡೆಯುವುದಿಲ್ಲ. ಆದ್ದರಿಂದ ಡ್ರಮ್ಸ್ ಅಲ್ಲಿ ಬೇಡ. ಕೈಯಲ್ಲಿ ಬಡಿಯುವ ಕಹೋನ್ ಪೆಟ್ಟಿಗೆ ಇದ್ದರೂ ಈ ಹಾಡಿಗೆ ನಡೆಯುತ್ತದೆ. ದುಡ್ಡು ಖರ್ಚು ಮಾಡುವುದಿದ್ದರೆ ಕೊನೆಯಲ್ಲಿ ಮಿಕ್ಸಿಂಗ್ ಮಾಡುವವರಿಗೆ ಕೊಡಿ.

ಇನ್ನು ಪೆಂಡಾಲಿನ ವಿಷಯ. ಆ ಸಮಿತಿಯವರ ಮೇಲೆ ನಿಮಗಿನ್ನೂ ಸಿಟ್ಟಿದೆ, ಪತ್ರದಲ್ಲಿ ಅದು ಕಾಣುತ್ತದೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಓಣಿಯ ಅಂಗಡಿ ಅಂಗಡಿ ತಿರುಗಿ ಪಟ್ಟಿ ಎತ್ತಿ ನಿಮಗೆ ಸಂಭಾವನೆ ಹೊಂದಿಸಿದವರು ಅವರು. ಜನ ಕುರ್ಚಿ ಬಿಟ್ಟು ಎದ್ದರೆ ನಾಳೆ ಮಾತು ಕೇಳಬೇಕಾದವರೂ ಅವರೇ. ರಸಮಂಜರಿಗೆ ಒಂದು ಕಟ್ಟುಪಾಡಿದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಮೊದಲು ಗಣಪತಿಯ ಹಾಡು, ಆಮೇಲೆ ಹಿರಿಯರು ತಲೆದೂಗುವಂಥ ಒಂದೆರಡು ರಾಜಕುಮಾರ್ ಹಾಡು, ಅಷ್ಟು ಹೊತ್ತಿಗೆ ಹುಡುಗರು ಸ್ಟೇಜಿನ ಮುಂದೆ ಸೇರುತ್ತಾರೆ, ಚೀಟಿಗಳು ಬರತೊಡಗುತ್ತವೆ. ನೀವು ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗಲೇ ನಿಮ್ಮ ಹಾಡು ಎತ್ತಿದಿರಿ. ಗಣಪತಿಗೂ ಅವತ್ತು ಎರಡನೇ ಸ್ಥಾನ.

ಈ ಸಲ ಬೇರೆ ಥರ ಮಾಡಿ. ಒಂದು ಕಾರ್ಯಕ್ರಮಕ್ಕೆ ಒಂದೇ ಸ್ವಂತ ಹಾಡು. ಶುರುವಿನಲ್ಲಿ ಬೇಡ, ಕೊನೆಯಲ್ಲೂ ಬೇಡ. ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕು, ಅನುಮತಿ ಪಡೆದ ದಿನಗಳಲ್ಲಿ ಹೆಚ್ಚೆಂದರೆ ಹನ್ನೆರಡು. ಕೊನೆಗೆ ಇಟ್ಟ ಹಾಡು ಪೊಲೀಸಿನವರ ಪಾಲಾಗುತ್ತದೆ. ಎರಡು ಕುಣಿಯುವ ಹಾಡು ಆದ ಮೇಲೆ ಹಾಡುವವರಿಗೂ ಕುಣಿಯುವವರಿಗೂ ಏದುಸಿರು ಬಂದಿರುತ್ತದಲ್ಲ, ಅಲ್ಲಿ ಇಡಿ. ಹಾಡುವ ಮೊದಲು ‘ಇದು ನಮ್ಮ ಓನ್ ಕಾಂಪೊಸಿಷನ್, ದಯವಿಟ್ಟು ಸಪೋರ್ಟ್ ಮಾಡಿ’ ಎನ್ನಬೇಡಿ. ಆ ಮಾತು ಕೇಳಿದೊಡನೆ ಜನ ಮೊಬೈಲ್ ತೆಗೆಯುತ್ತಾರೆ. ‘ನಮ್ಮಜ್ಜ ಮಿಲ್ಲಿನಾಗಿದ್ರು. ಇಲ್ಲಿ ಯಾರ ಮನ್ಯಾಗೆಲ್ಲ ಮಿಲ್ಲಿನೋರು ಇದ್ರು?’ ಎಂದು ಕೇಳಿ. ದಾವಣಗೆರೆಯ ಯಾವ ಓಣಿಯಲ್ಲಿ ಕೇಳಿದರೂ ನಾಲ್ಕು ಕೈ ಮೇಲೇಳುತ್ತವೆ. ಗಿಟಾರ್ ಅಲ್ಲಿಂದ ಶುರುವಾಗಲಿ, ನಾಲ್ಕು ಸೆಕೆಂಡಿಗೆ ನಿಮ್ಮ ದನಿ ಬರಲಿ.

ಇದಕ್ಕೆ ಮುಂಚೆ ಮೈಕ್‌ಸೆಟ್‌ನವರನ್ನು ಒಲಿಸಿಕೊಳ್ಳಿ. ಇದನ್ನು ನಗೆಯಾಡುತ್ತ ಹೇಳುತ್ತಿಲ್ಲ. ಸಂಜೆ ಆರಕ್ಕೇ ಹೋಗಿ, ನಾಲ್ವರೂ ಒಮ್ಮೆಲೇ ಬಾರಿಸದೆ, ಮೊದಲು ಡ್ರಮ್ಸ್, ಆಮೇಲೆ ಬೇಸ್, ಹೀಗೆ ಒಬ್ಬೊಬ್ಬರಾಗಿ ಸದ್ದು ಕೊಟ್ಟು ಕೊನೆಗೆ ದನಿ ಸರಿ ಮಾಡಿಸಿ. ನನ್ನ ಪರಿಚಯದ ಮೈಕ್‌ಸೆಟ್‌ನವರೊಬ್ಬರು ಇಪ್ಪತ್ತು ವರ್ಷದಿಂದ ಆರ್ಕೆಸ್ಟ್ರಾಗಳಿಗೆ ಸದ್ದು ಕೊಡುತ್ತಿದ್ದಾರೆ. ಅವರ ದೂರು ಒಂದೇ: ಪ್ರತಿಯೊಬ್ಬರೂ ಬಂದು ‘ಅಣ್ಣಾ, ನಂದು ಸ್ವಲ್ಪ ಏರ್ಸು’ ಅನ್ನುತ್ತಾರೆ, ‘ಅವಂದು ಸ್ವಲ್ಪ ಇಳ್ಸು’ ಅಂದವರನ್ನು ಇನ್ನೂ ನೋಡಿಲ್ಲ. ನಿಮ್ಮ ಕೀಬೋರ್ಡ್ ಗೆಳೆಯನಿಗೆ ಇದನ್ನು ಓದಿ ಹೇಳಿ.

ಒಂದು ಹಬ್ಬದ ಕಾಲದಲ್ಲಿ ಹತ್ತು ಹನ್ನೆರಡು ಪೆಂಡಾಲು ಸಿಕ್ಕರೆ ಅಷ್ಟು ಬಾರಿ ಆ ಹಾಡು ನೂರಾರು ಜನರ ಎದುರು ಹೋಗುತ್ತದೆ. ದುಗ್ಗಮ್ಮನ ಜಾತ್ರೆ ಇದೆ, ರಾಜ್ಯೋತ್ಸವ ಇದೆ, ಕಾಲೇಜುಗಳ ವಾರ್ಷಿಕೋತ್ಸವಗಳಿವೆ. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಾಡಿದರೆ ಇನ್ನೊಂದು ಲಾಭ: ಹಾಸ್ಟೆಲಿನ ಹುಡುಗರು ರಜೆಗೆ ಬೀದರ್‌ಗೋ ಕಾರವಾರಕ್ಕೋ ಹೋಗುವಾಗ ಹಾಡನ್ನೂ ಒಯ್ಯುತ್ತಾರೆ. ಸ್ಟೇಜಿನ ಮೇಲಿಂದ ಗಮನಿಸಬೇಕಾದದ್ದು ಚಪ್ಪಾಳೆಯನ್ನಲ್ಲ. ಎರಡನೇ ಸಲ ಪಲ್ಲವಿಗೆ ಬಂದಾಗ ಯಾರ ತುಟಿಯಾದರೂ ಅಲ್ಲಾಡುತ್ತದೆಯೇ ನೋಡಿ. ಅಲ್ಲಾಡದಿದ್ದರೆ ಪಲ್ಲವಿ ಉದ್ದವಾಗಿದೆ ಅಥವಾ ಸ್ವರ ತೀರ ಮೇಲಿದೆ. ಮನೆಗೆ ಹೋಗಿ ತಿದ್ದಿ, ಮುಂದಿನ ಪೆಂಡಾಲಿನಲ್ಲಿ ಹೊಸದಾಗಿ ಹಾಡಿ. ಹೀಗೆ ಹಾಡು ತಿದ್ದಿಕೊಳ್ಳುವ ಅವಕಾಶ ಬೆಂಗಳೂರಿನ ಪಬ್ಬುಗಳಲ್ಲಿ ಹಾಡುವ ಎಷ್ಟೋ ಬ್ಯಾಂಡ್‌ಗಳಿಗೆ ಇಲ್ಲ. ಅಲ್ಲೂ ಕೇಳುವುದು ಜನಪ್ರಿಯ ಹಾಡನ್ನೇ, ಭಾಷೆ ಬೇರೆ ಅಷ್ಟೆ. ಗಿರಣಿ ಹಾಡು ಹಾಡಿ ಎಂದು ಚೀಟಿ ಬಂದ ದಿನ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿರುತ್ತದೆ. ಅಲ್ಲಿಯವರೆಗೆ ಹಾಡನ್ನು ಆ್ಯಪ್‌ಗಳಿಗೆ ಹಾಕಲು ಅವಸರ ಬೇಡ.

ಹೊಸ ಬ್ಯಾಂಡಿಗೆ ಎಷ್ಟು ಕಾಲ ಹಿಡಿಯುತ್ತದೆ ಎಂಬ ಅಂದಾಜು ಇರಲಿ. ಗಾಯಕ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಔಷಧ ಕಂಪನಿಯಲ್ಲಿ ಕೆಲಸ ಮಾಡಿದವರು. ಅಂತರಾಗ್ನಿ ಎಂಬ ಬ್ಯಾಂಡ್ ಕಟ್ಟಿ, ಅದು ಒಡೆದು, ವರ್ಷಗಟ್ಟಲೆ ಸ್ಟೇಜಿನಿಂದ ಸ್ಟೇಜಿಗೆ ತಿರುಗಿದ ಮೇಲೆ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದನ್ನು ಹೊರತಂದದ್ದು ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್. ಮೂರು ವರ್ಷ ಕಳೆದು 2011ರಲ್ಲಿ ರಘು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಸ್ವರಾತ್ಮ ಬ್ಯಾಂಡಿನ ಮೊದಲ ಆಲ್ಬಂ 2009ರದು, ಅದಕ್ಕೂ ಹಿಂದೆ ಹಲವು ವರ್ಷಗಳ ಸ್ಟೇಜಿದೆ. ಇಬ್ಬರಲ್ಲೂ ಗಮನಿಸಬೇಕಾದದ್ದೆಂದರೆ, ಆಲ್ಬಂ ಬರುವ ಹೊತ್ತಿಗೆ ಹಾಡುಗಳು ಜನರ ಎದುರು ಸವೆದು ನಯವಾಗಿದ್ದವು. ನೀವು ರೆಕಾರ್ಡ್ ಮಾಡಿದ ಮೂರರಲ್ಲಿ ಎರಡನ್ನು ಒಂದು ಸಲವೂ ಜನರ ಮುಂದೆ ಹಾಡಿಲ್ಲ.

ಇನ್ನು ಆ ಕಂಪನಿ. ಇದಕ್ಕೆ ನನ್ನ ಉತ್ತರ ಬೇಡ ಎಂಬುದೇ, ಸುತ್ತಿಬಳಸಿ ಹೇಳುವುದಿಲ್ಲ. ನಿಮ್ಮ ಹಾಡನ್ನು ನಂಬಿದ ಕಂಪನಿ ತಾನು ದುಡ್ಡು ಹಾಕುತ್ತದೆ. ನಿಮ್ಮಿಂದಲೇ ದುಡ್ಡು ಕೇಳುವುದು ಕೂಲಿ ಕೆಲಸ. ಕೂಲಿ ಕೆಲಸವಾದರೆ ಕೂಲಿ ತೆಗೆದುಕೊಂಡು ಹೋಗಬೇಕು, ಹಾಡಿನ ಹಕ್ಕಿಗೆ ಕೈ ಹಾಕಬಾರದು. ಅಗ್ರಿಮೆಂಟಿನ ಐದನೇ ಕಲಮು ಓದಿದ್ದೀರಾ? ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರೂ ಶಾಶ್ವತವಾಗಿ, ಜಗತ್ತಿನಾದ್ಯಂತ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲೂ ಅವರದು. ಅಂದರೆ 85 ಸಾವಿರ ಕೊಟ್ಟು ಅಜ್ಜನ ಹಾಡನ್ನೂ ಅವರಿಗೇ ಕೊಟ್ಟುಬರುತ್ತೀರಿ.

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು, 2012ರ ತಿದ್ದುಪಡಿ ನಿಮ್ಮಂಥವರಿಗೆ ದೊಡ್ಡ ಆಸರೆ. ಹಾಡಿನಲ್ಲಿ ಮೂರು ಬೇರೆ ಬೇರೆ ಹಕ್ಕುಗಳಿವೆ. ಸಾಹಿತ್ಯ ಬರೆದವರದ್ದು ಒಂದು, ರಾಗ ಹಾಕಿದವರದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಮೂರನೆಯದು ಯಾರು ಮುಂದೆ ನಿಂತು, ಹೊಣೆ ಹೊತ್ತು ರೆಕಾರ್ಡ್ ಮಾಡಿಸಿದರೋ ಅವರದಾಗುತ್ತದೆ. ನೀವೇ ಮಾಡಿಸಿದರೆ ನಿಮ್ಮದು. ಬರೆದವರೂ ರಾಗ ಹಾಕಿದವರೂ ತಮ್ಮ ಪಾಲಿನ ರಾಯಲ್ಟಿಯನ್ನು ವಾರಸುದಾರರಿಗೋ ಕೃತಿಸ್ವಾಮ್ಯ ಸಂಘಕ್ಕೋ ಬಿಟ್ಟು ಬೇರೆ ಯಾರಿಗೂ ಬರೆದುಕೊಡುವ ಹಾಗಿಲ್ಲ, ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ ಎನ್ನುತ್ತದೆ ತಿದ್ದುಪಡಿ. ಹಕ್ಕು ವರ್ಗಾಯಿಸುವ ಕರಾರಿನಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೇ ಲೆಕ್ಕ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು ಲೆಕ್ಕ. ಅದಕ್ಕೇ ಇಂಥ ಕಂಪನಿಗಳು ಶಾಶ್ವತ, ಜಗತ್ತು ಎಂಬ ಮಾತುಗಳನ್ನು ಮರೆಯದೆ ಹಾಕಿರುತ್ತವೆ. ಮುಂದೆ ಯಾರಾದರೂ ನಿಜವಾಗಿ ದುಡ್ಡು ಹಾಕಲು ಬಂದರೆ, ಹಕ್ಕನ್ನು ಮಾರದೆ ಇಂತಿಷ್ಟು ವರ್ಷಕ್ಕೆ ಎಂದು ಪರವಾನಗಿ ಕೊಡಿ. ಸಹಿಗೆ ಮುಂಚೆ ವಕೀಲರಿಗೆ ತೋರಿಸಿ, ಅವರ ಫೀ 85 ಸಾವಿರಕ್ಕಿಂತ ಕಡಿಮೆಯೇ ಇರುತ್ತದೆ.

ಒಂದು ಲಕ್ಷ ವ್ಯೂಸ್ ಗ್ಯಾರಂಟಿ ಎಂಬ ಮಾತಿಗೆ ಬಂದರೆ, ಕೇಳುಗರನ್ನು ಯಾರೂ ಗ್ಯಾರಂಟಿ ಕೊಡಲಾರರು. ಗ್ಯಾರಂಟಿ ಕೊಡಬಹುದಾದದ್ದು ಯಂತ್ರಗಳ ಕ್ಲಿಕ್ಕು ಮಾತ್ರ. ಸ್ಪಾಟಿಫೈಯಂಥ ಆ್ಯಪ್‌ಗಳು ಕೃತಕ ಪ್ಲೇ ಎಂದು ಕಂಡುಹಿಡಿದರೆ ಲೆಕ್ಕದಿಂದ ತೆಗೆಯುತ್ತವೆ, ವಿತರಕರಿಗೆ ದಂಡ ಹಾಕುತ್ತವೆ, ವಿತರಕರು ನಿಮ್ಮ ಹಾಡನ್ನೇ ಇಳಿಸಿಬಿಡುತ್ತಾರೆ. ಇಳಿದ ಹಾಡನ್ನು ಮತ್ತೆ ಏರಿಸುವುದು ಸುಲಭವಲ್ಲ.

ಆ್ಯಪ್‌ಗಳಿಗೆ ಹಾಡು ಹಾಕಲು ಕಂಪನಿ ಬೇಕಿಲ್ಲ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ರೂಟ್‌ನೋಟ್‌ನಂಥ ವಿತರಣಾ ಸೇವೆಗಳಿವೆ. ಕೆಲವು ವರ್ಷದ ಚಂದಾ ತೆಗೆದುಕೊಳ್ಳುತ್ತವೆ, ಕೆಲವು ಬಂದ ಹಣದಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಫೈಲು, ಚಿತ್ರ, ವಿವರ ನೀವೇ ತುಂಬಿದರೆ ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್‌ಗೆಲ್ಲ ಅವೇ ಕಳಿಸುತ್ತವೆ, ಹಾಡಿಗೆ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರದ ಗುರುತಿನ ಸಂಖ್ಯೆಯನ್ನೂ ಕೊಡುತ್ತವೆ. ಬಿಡುಗಡೆಯ ದಿನವನ್ನು ಮೂರು ನಾಲ್ಕು ವಾರ ಮುಂದೆ ಇಟ್ಟುಕೊಳ್ಳಿ. ಸ್ಪಾಟಿಫೈ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡನ್ನು ಬಿಡುಗಡೆಗೆ ಕನಿಷ್ಠ ಏಳು ದಿನ ಮುಂಚೆ ಕಳಿಸಬೇಕು, ಬಿಡುಗಡೆಯಾದ ಹಾಡನ್ನು ಆ ದಾರಿಯಲ್ಲಿ ಅವರು ತೆಗೆದುಕೊಳ್ಳುವುದಿಲ್ಲ. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿ ಒಂದು ಕಡೆ, ಇಂಗ್ಲಿಷ್ ಲಿಪಿಯಲ್ಲಿ ಇನ್ನೊಂದು ಕಡೆ ಹಾಕಿ ಜನರನ್ನು ಅಲೆಸಬೇಡಿ, ಎಲ್ಲ ಕಡೆ ಒಂದೇ ಕಾಗುಣಿತವಿರಲಿ.

ಹಣದ ಆಸೆ ಈಗಲೇ ಬೇಡ. ಸ್ಪಾಟಿಫೈಯಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರ ಜೊತೆಗೆ ವರ್ಷಕ್ಕೆ 4,000 ಗಂಟೆ ವೀಕ್ಷಣೆಯೋ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆಯೋ ಆಗಬೇಕು. ಆದರೂ ಒಂದು ಕೆಲಸ ಮಾಡಿಟ್ಟುಕೊಳ್ಳಿ: ಹಾಡು ಪ್ರಕಟವಾದ ಮೇಲೆ ಬರೆದವರಾಗಿ, ರಾಗ ಹಾಕಿದವರಾಗಿ ಐಪಿಆರ್‌ಎಸ್ ಸದಸ್ಯತ್ವಕ್ಕೆ ಅರ್ಜಿ ಹಾಕಿ. ಗೀತರಚನೆಕಾರರು, ಸಂಗೀತ ಸಂಯೋಜಕರ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಘ ಅದು, 1969ರದು. ಮೊದಲ ವರ್ಷ ಚಹಾ ಖರ್ಚೂ ಬರಲಿಕ್ಕಿಲ್ಲ. ಹಾಡು ಓಡಿದ ಮೇಲೆ ಹೆಸರು ದಾಖಲಾಗಿಲ್ಲ ಎಂದು ಒದ್ದಾಡುವುದು ತಪ್ಪುತ್ತದೆ.

ನಾಲ್ವರ ನಡುವೆಯೂ ಒಂದು ಹಾಳೆ ಬರೆದುಕೊಳ್ಳಿ. ಇದನ್ನು ಹೇಳಿದರೆ ಗೆಳೆತನದಲ್ಲಿ ಕಾಗದ ಯಾಕೆ ಎನ್ನುತ್ತೀರಿ. ಗೆಳೆತನ ಇರುವಾಗಲೇ ಬರೆಯುವುದು ಸುಲಭ ಅದಕ್ಕೆ. ‘ಸಾಹಿತ್ಯವೂ ನನ್ನದೇ’ ಎಂದು ಬರೆದಿರಿ, ಸರಿ. ಗಿರಣಿ ಹಾಡಿನಲ್ಲಿ ಸೈರನ್ನಿನ ಹಾಗೆ ಏರಿ ಇಳಿಯುವ ಆ ಬೇಸ್ ಗಿಟಾರಿನ ತುಣುಕು ಯಾರದು? ಹಾಡು ನೆನಪಿನಲ್ಲಿ ಉಳಿಯುವುದು ಅದರಿಂದ. ಅದು ಹೊಳೆದವನಿಗೆ ರಾಗದಲ್ಲಿ ಪಾಲು ಉಂಟೋ ಇಲ್ಲವೋ, ಕಾರ್ಯಕ್ರಮದ ಸಂಭಾವನೆ ನಾಲ್ಕು ಸಮಪಾಲೋ ಅಥವಾ ಬಾಡಿಗೆ, ಡೀಸೆಲ್ ಕಳೆದ ಮೇಲೋ, ಬ್ಯಾಂಡ್ ಬಿಟ್ಟುಹೋದವನಿಗೆ ಹಳೆ ರೆಕಾರ್ಡಿಂಗಿನ ಹಣ ಬರುತ್ತದೋ ಇಲ್ಲವೋ, ಹೆಸರು ಯಾರ ಬಳಿ ಉಳಿಯುತ್ತದೆ, ಇಷ್ಟೇ. ಒಂದು ಸಂಜೆಯ ಕೆಲಸ. ಡ್ರಮ್ಸ್ ಗೆಳೆಯ ಹೊರಡುವ ಮುಂಚೆಯೇ ಕೂರಿ.

ಅವನನ್ನು ತಡೆಯಬೇಡಿ, ಬಿಟ್ಟೂ ಕೊಡಬೇಡಿ. ದಾವಣಗೆರೆ–ಬೆಂಗಳೂರು ಒಂದು ರಾತ್ರಿಯ ಬಸ್ಸು. ದೊಡ್ಡ ಕಾರ್ಯಕ್ರಮಕ್ಕೆ, ರೆಕಾರ್ಡಿಂಗಿಗೆ ಅವನು ಬರಲಿ. ಉಳಿದ ದಿನಕ್ಕೆ ಮೂವರೇ ಹಾಡಬಹುದಾದ ಹಾಗೆ ಹಾಡುಗಳನ್ನು ಹೊಂದಿಸಿಕೊಳ್ಳಿ. ಅವನ ಜಾಗಕ್ಕೆ ಡೊಳ್ಳು ತರೋಣ, ಫ್ಯೂಷನ್ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಒಂದು ನಿಮಿಷ ತಡೆಯಿರಿ. ಡೊಳ್ಳಿನ ತಾಳ ಗೊತ್ತಿದ್ದವರು ಬ್ಯಾಂಡಿನ ಸದಸ್ಯರಾಗಿ ಬಂದರೆ ಸೊಗಸು, ವಿಡಿಯೋಗೆ ಬಣ್ಣ ಬರಲಿ ಎಂದು ಇಬ್ಬರನ್ನು ಹಿಂದೆ ನಿಲ್ಲಿಸುವುದು ಆ ಕಲೆಗೂ ಅವಮಾನ, ನಿಮ್ಮ ಹಾಡಿಗೂ.

ಶರೀಫ, ಬೇಂದ್ರೆ, ಕುವೆಂಪು ವಿಷಯದಲ್ಲಿ ಕೀಬೋರ್ಡ್ ಗೆಳೆಯನ ಮಾತು ಪೂರಾ ತಪ್ಪಲ್ಲ. ಪರಿಚಿತ ಪದ ಕೇಳಿದರೆ ಜನ ನಿಲ್ಲುತ್ತಾರೆ, ರಘು ದೀಕ್ಷಿತ್ ಶರೀಫರ ಪದಗಳಿಂದಲೇ ಎಷ್ಟೋ ಕೇಳುಗರನ್ನು ಗಳಿಸಿದರು. ಆದರೆ ಮೂವರೂ ಕಾನೂನಿನ ಕಣ್ಣಲ್ಲಿ ಒಂದೇ ಅಲ್ಲ. ನಮ್ಮಲ್ಲಿ ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಶರೀಫರು 1889ರಲ್ಲಿ ತೀರಿಕೊಂಡವರು, ಅವರ ಪದ ಎಲ್ಲರದು. ಬೇಂದ್ರೆಯವರು ಹೋದದ್ದು 1981ರಲ್ಲಿ, 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು 1994, ಹಾಗಾಗಿ 2054ರವರೆಗೆ. ಅನುಮತಿ ಕೇಳಿ ಪತ್ರ ಬರೆದರೆ ಸಿಗುವುದೇ ಇಲ್ಲ ಎಂದೇನಲ್ಲ. ಕೇಳದೆ ರೆಕಾರ್ಡ್ ಮಾಡಿದರೆ ಮಾತ್ರ ತೊಂದರೆ.

ಇದರಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಶರೀಫರ ಪದ ಎಲ್ಲರದಾದರೂ ನಾವೆಲ್ಲ ಗುನುಗುವ ಧಾಟಿ ಎಲ್ಲರದಲ್ಲ. ಬಹಳಷ್ಟು ಸಂಗೀತ ನಿರ್ದೇಶಕ ಸಿ. ಅಶ್ವತ್ಥರದು, ಅವರು ಹೋದದ್ದು 2009ರಲ್ಲಿ. ಆ ಧಾಟಿಯ ಹಕ್ಕು ಇನ್ನೂ ದಶಕಗಳ ಕಾಲ ಜೀವಂತ. ಪದ ತೆಗೆದುಕೊಳ್ಳಿ, ಧಾಟಿ ನಿಮ್ಮದೇ ಹಾಕಿ. ಶರೀಫರ ಪದಗಳು ನಿಮ್ಮ ಕಡೆಯ ಭಜನಾ ಮಂಡಳಿಗಳಲ್ಲಿ ಏಕತಾರಿ, ದಮ್ಮಡಿ ಜೊತೆ ಬೇರೆ ಬೇರೆ ಧಾಟಿಯಲ್ಲಿ ಇನ್ನೂ ಇವೆ, ಒಂದು ರಾತ್ರಿ ಹೋಗಿ ಕೂತು ಕೇಳಿ ಬನ್ನಿ. ಅವರಿಂದ ಕಲಿತು ಹಾಡಿದರೆ ಹಾಡುವ ಮೊದಲು ಆ ಮಂಡಳಿಯ ಹೆಸರು ಹೇಳಿ. ಆದರೂ ಇದು ಎರಡನೇ ಹಾಡು, ಮೂರನೇ ಹಾಡಿನ ಮಾತು. ಮೊದಲ ಹಾಡು ಗಿರಣಿಯದೇ ಆಗಲಿ.

ಅಪ್ಪಾಜಿಯ ಪ್ರಶ್ನೆ ನನಗೆ ನ್ಯಾಯವಾಗಿಯೇ ಕಂಡಿತು. ಅವರು ಹಾಡಬೇಡ ಅಂದಿಲ್ಲ, ಎಷ್ಟು ದಿನ ಅಂದಿದ್ದಾರೆ. ಅಶ್ವತ್ಥರು ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನೌಕರಿ ಮಾಡುತ್ತಲೇ ಕನ್ನಡದ ಕಿವಿಗಳನ್ನು ಬದಲಾಯಿಸಿದರು ಎಂದು ಅವರಿಗೆ ಹೇಳುವ ಮೊದಲು ನೀವು ನೆನಪಿಟ್ಟುಕೊಳ್ಳಿ. ಹೊತ್ತಿಗೆ ಸರಿಯಾಗಿ ಬಿಡುವ ಒಂದು ಕೆಲಸ ಊರಲ್ಲೋ ಹರಿಹರದಲ್ಲೋ ಹಿಡಿಯಿರಿ. ಸಂಬಳ ಕಡಿಮೆಯಾದರೂ ಪರವಾಗಿಲ್ಲ, ಸಂಜೆಗಳು ಮತ್ತು ಭಾನುವಾರ ನಿಮ್ಮವಾಗಿರಲಿ. ಕೈಯಲ್ಲಿ ಸಂಬಳವಿದ್ದರೆ ಯಾರದೋ ರಿಸೆಪ್ಷನ್ ಬೇಡ ಎನ್ನುವ ಧೈರ್ಯವೂ ಬರುತ್ತದೆ, 85 ಸಾವಿರದ ಫೋನು ಬಂದಾಗ ನಗುವ ಧೈರ್ಯವೂ. ಒಂದು ದಿನ ಅಪ್ಪಾಜಿಯನ್ನೇ ಪೆಂಡಾಲಿಗೆ ಕರೆಯಿರಿ. ಹಾಡಿನಲ್ಲಿರುವ ಅಜ್ಜ ಅವರ ಅಪ್ಪನೇ ಅಲ್ಲವೇ? ಅವರಿಗೆ ಈ ಹಾಡು ಇದೆಯೆಂದು ಗೊತ್ತೇ ಇಲ್ಲವೆಂದು ನನಗೆ ಅನುಮಾನ.

ಹೆಸರಿನ ಜಗಳಕ್ಕೆ ಸುಲಭದ ಪರೀಕ್ಷೆ ಇದೆ. ನಿಮ್ಮ ಈಗಿನ ಇಂಗ್ಲಿಷ್ ಹೆಸರನ್ನು ಸ್ಪಾಟಿಫೈಯಲ್ಲಿ ಹುಡುಕಿದೆ, ಅದೇ ಹೆಸರಿನವರು ಒಬ್ಬರಿಗಿಂತ ಹೆಚ್ಚು ಸಿಕ್ಕರು, ಒಂದು ಬ್ಯಾಂಡ್ ವಿದೇಶದ್ದು. ಹೀಗಾದರೆ ನಿಮ್ಮ ಹಾಡು ಅವರ ಪುಟಕ್ಕೆ ಹೋಗಿ ಕೂರುತ್ತದೆ, ಬಿಡಿಸಿಕೊಳ್ಳಲು ವಾರಗಟ್ಟಲೆ ಪತ್ರ ವ್ಯವಹಾರ. ಆದ್ದರಿಂದ ಬದಲಾಯಿಸಿ. ಕನ್ನಡದ್ದೇ ಆಗಬೇಕೆಂದು ನನ್ನ ಹಟವಿಲ್ಲ, ಆದರೆ ಪೆಂಡಾಲಿನ ನಿರೂಪಕರು ಒಂದೇ ಉಸಿರಿಗೆ ತಪ್ಪಿಲ್ಲದೆ ಹೇಳುವಂತಿರಬೇಕು, ಅದನ್ನು ಕೇಳಿದ ಹುಡುಗ ಮನೆಗೆ ಹೋಗಿ ಫೋನಿನಲ್ಲಿ ಟೈಪ್ ಮಾಡುವಾಗ ಎರಡು ಥರ ಬರೆಯುವ ಹಾಗಿರಬಾರದು. ಹೊಸ ಹೆಸರು ಗೊತ್ತಾದ ದಿನವೇ ಯೂಟ್ಯೂಬ್, ಇನ್‌ಸ್ಟಾಗ್ರಾಮ್ ಎರಡರಲ್ಲೂ ಖಾತೆ ತೆರೆದಿಟ್ಟು, ಪಾಸ್‌ವರ್ಡನ್ನು ನಾಲ್ವರೂ ಬರೆದಿಟ್ಟುಕೊಳ್ಳಿ.